ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ

ಬೈಲಹೊಂಗಲದ ಒಂದು ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ವಾರ ಅಲ್ಲಿನ ಸರ್ವರ್ ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು, ಆಮೇಲೆ ತಾನಾಗಿಯೇ ಚೇತರಿಸಿಕೊಳ್ಳುತ್ತಿತ್ತು. ಕಾರಣ ಹುಡುಕುತ್ತ ಅದರ ಮುಂದೆ ಕುಳಿತಿದ್ದೆ. ಅಷ್ಟರಲ್ಲಿ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ತಲೆಗೆ ಪೆಟ್ಟು ತಿಂದ ಚಾಲಕನನ್ನು ಕರೆತಂದರು.

ಸ್ಕ್ಯಾನ್ ಮುಗಿಯಿತು. ಚಿತ್ರಗಳು ಸರ್ವರಿಗೆ ಬಂದವು. ಅದು ಕಳಿಸಿದ್ದನ್ನು ನೋಡಿಯೇ ಬೆಳಗಾವಿಯ ವೈದ್ಯರು ಆಪರೇಷನ್ನಿಗೆ ಸಜ್ಜಾಗಬೇಕೋ ಬೇಡವೋ ಹೇಳಬೇಕಿತ್ತು. ಆದರೆ ಸರ್ವರ್ ಮತ್ತೆ ನಿಂತಿತು, ಪರದೆ ಅಲ್ಲಾಡಲಿಲ್ಲ. ಫೋನಿನಲ್ಲಿ ವೈದ್ಯರ ದನಿ ಏರುತ್ತಿತ್ತು: "ಇನ್ನೂ ಏನೂ ಬಂದಿಲ್ಲರೀ!"

ಬಾಗಿಲಲ್ಲಿ ಚಾಲಕನ ಹೆಂಡತಿ ನಿಂತಿದ್ದಳು. "ಅಕ್ಕಾರ, ನಮ್ಮನಿಯವರು ಮಾತಾಡವಲ್ರು. ಇನ್ನ ಎಷ್ಟೊತ್ತರಿ?"

ಸ್ಕ್ಯಾನ್ ಯಂತ್ರ ನಡೆಸುವ ಹಿರಿಯರು ಎದ್ದರು. "ಸರ್ವರ್ ಬಂದ್ ಮಾಡಿ ಚಾಲೂ ಮಾಡ್ತೇನ್ರಿ ಮೇಡಂ. ಹಂಗ ಮಾಡಿದ್ರ ಸರಿ ಆಗತೈತಿ."

"ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ!" ನಾನು ಕೂಗಿದ ರೀತಿಗೆ ನಾನೇ ಬೆಚ್ಚಿದೆ.

ಬಂದ ಚಿತ್ರಗಳು ಕೂಡಲೇ ಡಿಸ್ಕ್ ಸೇರುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಕರ್ನಲ್ ಅವನ್ನು ಮೆಮೊರಿಯಲ್ಲಿಟ್ಟುಕೊಂಡು ಆಮೇಲೆ ಬರೆಯುತ್ತದೆ. ನಮ್ಮ ಹಳೆಯ ಸ್ಕ್ಯಾನ್ ಯಂತ್ರವೋ, ಕಳಿಸಿದ ಮೇಲೆ ತನ್ನಲ್ಲಿ ಪ್ರತಿ ಉಳಿಸಿಕೊಳ್ಳುತ್ತಿರಲಿಲ್ಲ. ವಿದ್ಯುತ್ ಆರಿಸಿದ್ದರೆ ಮೆಮೊರಿಯಲ್ಲಿದ್ದದ್ದು ಅಳಿಸಿಹೋಗಿ, ಆ ತಲೆಯ ಚಿತ್ರಗಳು ಎಲ್ಲಿಯೂ ಇರುತ್ತಿರಲಿಲ್ಲ.

ಹಿರಿಯರು ಕೈ ಹಿಂತೆಗೆದರು. ನನ್ನ ಕಣ್ಣು ಸರ್ವರಿಗೆ ಹೊರಗಿನಿಂದ ಜೋಡಿಸಿದ್ದ ಬ್ಯಾಕಪ್ ಡಿಸ್ಕಿನ ಮೇಲೆ ಬಿತ್ತು. ಅದರ ದೀಪ ಬಿಡದೆ ಮಿನುಗುತ್ತಿತ್ತು. ಹಳೆಯ ಚಿತ್ರಗಳ ಪ್ರತಿ ತೆಗೆದಿಡಲು ದಿನಾ ಮಧ್ಯಾಹ್ನ ತಾನಾಗಿಯೇ ಶುರುವಾಗುವ ಬ್ಯಾಕಪ್! ಅದನ್ನು ನಿಲ್ಲಿಸುವ ಆಜ್ಞೆ ಕೊಟ್ಟೆ. ಏನೂ ಆಗಲಿಲ್ಲ. ಆಗಲೇ ಮೆಮೊರಿಯಲ್ಲಿ ತುಂಬಿದ್ದನ್ನು ಆ ನಿಧಾನದ ಡಿಸ್ಕ್ ನುಂಗಿ ಮುಗಿಸುವವರೆಗೆ ಕಾಯಲೇಬೇಕು. ಆ ಹೆಣ್ಣುಮಗಳು ಸೆರಗನ್ನು ಬಾಯಿಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಪರದೆಯ ಮೇಲೆ ಮೊದಲ ಚಿತ್ರ ಮೂಡಿತು. ಆಮೇಲೆ ಉಳಿದವು.

"ತಡಾ ಮಾಡಬ್ಯಾಡ್ರಿ, ಕರಕೊಂಡು ಬರ್ರಿ," ಎಂದರು ಬೆಳಗಾವಿಯ ವೈದ್ಯರು. ಆ್ಯಂಬುಲೆನ್ಸ್ ಹೊರಟಿತು.

ಮರುದಿನ ಬೆಳಿಗ್ಗೆ ಕರ್ನಲ್ಲಿನ ಕೋಡ್ ಬಿಚ್ಚಿ ಕುಳಿತೆ. ಅದು ಸರ್ವರಿನ ವೇಗದ ಡಿಸ್ಕು, ಬ್ಯಾಕಪ್ಪಿನ ನಿಧಾನದ ಡಿಸ್ಕು ಎರಡಕ್ಕೂ ಬರೆಯಬೇಕಾದದ್ದನ್ನು ಒಟ್ಟಿಗೇ ಎಣಿಸುತ್ತಿತ್ತು. ಮೆಮೊರಿ ತುಂಬಿತೆಂದರೆ ವೇಗದ ಡಿಸ್ಕಿಗೆ ಬರೆಯುವುದನ್ನೂ ತಡೆದು ನಿಲ್ಲಿಸುತ್ತಿತ್ತು. ನಿಧಾನದ ಡಿಸ್ಕಿಗೆ ಸಣ್ಣ ಪಾಲನ್ನಷ್ಟೇ ಕೊಟ್ಟು, ಮೆಮೊರಿ ತುಂಬುವ ಮೊದಲೇ ಬರೆಯಲು ತೊಡಗುವಂತೆ ಕೆಲವು ಸಾಲು ತಿದ್ದಿದೆ. ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ ಬಳಿಕವೇ ಸರ್ವರಿಗೆ ಹಾಕಿದೆ.

ಅದರ ಮರುದಿನ ಮಧ್ಯಾಹ್ನ ಬ್ಯಾಕಪ್ ನಡೆಯುತ್ತಿರುವಾಗಲೇ ಸವದತ್ತಿಯಿಂದ ಬಂದ ಅಜ್ಜಿಯೊಬ್ಬರ ಸೊಂಟದ ಸ್ಕ್ಯಾನ್ ಆಯಿತು. ನಾನು ಪರದೆಯತ್ತ ಬಾಗಿ ನೋಡಿದೆ.

"ಬಂತ್ರೀ ಮೇಡಂ, ಎಲ್ಲಾ ಬಂತು!" ಎಂದರು ಹಿರಿಯರು. ಕುರ್ಚಿ ನನ್ನ ಕಡೆ ತಿರುಗಿಸಿ, "ನಿನ್ನಿ ಆ ಹೆಣ್ಮಗಳ ಫೋನ್ ಬಂದಿತ್ತರಿ. ಗಂಡಗ ಆಪರೇಷನ್ ಆತಂತ. ಕಣ್ಣ ತೆರದು ಮಾತಾಡ್ಯಾನಂತ," ಎಂದರು.