ಸಕ್ಕರೆ ಯಾರಿಗೆ ಮುಟ್ಟಿತು?

ಇದನ್ನು ಕಟ್ಟಿ ಹೇಳುವಷ್ಟು ಪುರುಸೊತ್ತು ನನಗಿಲ್ಲ. ಮುಂಬೈಯ ಕುರ್ಲಾದಿಂದ ಫೋರ್ಟಿನ ಆಫೀಸಿಗೆ ದಿನಾ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುವವಳು ನಾನು. ಯಾರಾದರೂ ದೆವ್ವ, ಗಾಳಿ ಅಂತ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಆದರೆ ಹೋದ ವರ್ಷ ನವರಾತ್ರಿಯಲ್ಲಿ ನಮ್ಮ ಮನೆಯೊಳಗೆ ನಡೆದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ನಮ್ಮ ಚಾಳಿನ ಸಾಲುಮನೆಗಳ ಹೆಂಗಸರೂ ಕಂಡಿದ್ದಾರೆ. ಈಗ ಆ ಮಾತು ತೆಗೆದರೆ ಸೆರಗು ಸರಿ ಮಾಡಿಕೊಂಡು ಬೇರೆ ಸುದ್ದಿಗೆ ಹೋಗುತ್ತಾರೆ, ಅಷ್ಟೇ.

ನನ್ನ ಅತ್ತೆ ಕಮಲಾಬಾಯಿ ವಿಜಯಪುರದ ಕಡೆಯವರು. ಬಾಯಿ ಅಂದರೆ ಬಾಯಿ. ನಾನು ಲಟ್ಟಿಸಿದ ಚಪಾತಿ, ನಾನು ಕತ್ತರಿಸಿಕೊಂಡ ಕೂದಲು, ನಾನು ಕಾಸಿದ ಚಹಾ, ಯಾವುದನ್ನೂ ಅವರು ಸುಮ್ಮನೆ ಬಿಟ್ಟದ್ದಿಲ್ಲ. ನಾನೂ ಸುಮ್ಮನಿರುವವಳಲ್ಲ. ಕೇಳಿದವರಿಗೆ ಜಗಳ ಅನಿಸುತ್ತಿತ್ತು. ನನಗೆ ಮಾತ್ರ ಆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ಮನೆ ತಲುಪಿದ ಹಾಗೆ ಆಗುತ್ತಿತ್ತು. ನನಗೆ ತಾಯಿ ಇಲ್ಲ. ಇದ್ದದ್ದು ಇವರೊಬ್ಬರೇ.

ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಉಪವಾಸವಿದ್ದರೆ ಮೊದಲು ತಮ್ಮನ್ನು ಕೇಳಬೇಕು, ಡೋಸ್ ಬದಲಾಯಿಸಬೇಕು ಎಂದು ಡಾಕ್ಟರ್ ಹೇಳಿದ್ದರು. ಅತ್ತೆ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಅವರ ಲೆಕ್ಕಾಚಾರವೇ ಬೇರೆ ಇತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಅದು ನಡೆದ ದಿನ ಸಂಜೆ ಪಕ್ಕದ ಮನೆಯ ಶಾಂತಾಬಾಯಿಗೆ ಹೇಳಿದ್ದರಂತೆ:

"ಸೂಜಿ ಏನ್ ಅನ್ನ ಅಲ್ಲಲ್ಲ, ಶಾಂತಾ? ಅದರಿಂದ ಉಪಾಸ ಮುರಿಯೂದಿಲ್ಲ."

ಅಷ್ಟಮಿಯ ದಿನ. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಇಲ್ಲ. ಆದರೆ ಸೂಜಿ ಮಾತ್ರ ತಪ್ಪಿಸಿರಲಿಲ್ಲ, ಬೆಳಿಗ್ಗೆಯದೂ ರಾತ್ರಿಯದೂ.

ನಾನು ಆಫೀಸಿನಿಂದ ಬರುವಾಗ ಕತ್ತಲಾಗಿತ್ತು. ಬೀದಿಯಲ್ಲಿ ಗರ್ಬಾದ ಲೌಡ್‌ಸ್ಪೀಕರ್ ಕಿವಿ ಹರಿಯುತ್ತಿತ್ತು. ನಮ್ಮವರಿಗೆ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ. ಮೆಟ್ಟಿಲು ಹತ್ತಿ ಸಾಲುಮನೆಗಳ ಮುಂದಿನ ಗ್ಯಾಲರಿಗೆ ಬಂದರೆ ನಮ್ಮ ಬಾಗಿಲ ಮುಂದೆ ಚಪ್ಪಲಿಗಳ ರಾಶಿ... ಕರ್ಪೂರದ ಹೊಗೆ.

ಶಾಂತಾಬಾಯಿ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದರು:

"ಗದ್ದಲ ಮಾಡಬ್ಯಾಡವ್ವಾ ವಿದ್ಯಾ. ನಿಮ್ಮತ್ತಿ ಮೈಮ್ಯಾಲೆ ದೇವಿ ಬಂದಾಳ."

ದೇವರ ಮೂಲೆಯಲ್ಲಿ ನವರಾತ್ರಿಗೆಂದು ಕೂರಿಸಿದ್ದ ಘಟದ ಮುಂದೆ ಅತ್ತೆ ಕೂತಿದ್ದರು. ಕೂದಲು ಬಿಚ್ಚಿತ್ತು. ರವಿಕೆ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು. ಕೈಗಳು ನಡುಗುತ್ತಿದ್ದವು, ಬಳೆಗಳು ಸಣ್ಣಗೆ ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಕಾಲಿಗೆ ಬಿದ್ದು ಮಗಳ ಮದುವೆ, ಗಂಡನ ಕುಡಿತ ಅಂತ ಕೇಳುತ್ತಿದ್ದರು. ಅತ್ತೆ ಉತ್ತರ ಕೊಡುತ್ತಿದ್ದರು. ತೊದಲಿಲ್ಲ, ತಡವರಿಕೆ ಇಲ್ಲ. ಆದರೆ ಅದು ನಮ್ಮ ಅತ್ತೆಯ ಬಾಯಿ ಜೋರಿನ ದನಿಯಲ್ಲ... ಮೆಲ್ಲಗಿನ, ಬಹಳ ಮರ್ಯಾದೆಯ ದನಿ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ದೇವಿಯ ಭಯಕ್ಕಲ್ಲ. ಆ ಬೆವರು, ಆ ನಡುಕ ನನಗೆ ಗೊತ್ತಿತ್ತು. ಡಾಕ್ಟರ್ ಮೊದಲೇ ಬಿಡಿಸಿ ಹೇಳಿದ್ದರು. ಇನ್ಸುಲಿನ್ ಒಂದು ಹಾರ್ಮೋನು. ಅದು ರಕ್ತದ ಸಕ್ಕರೆಯನ್ನು ಮೈಯೊಳಕ್ಕೆ ತಳ್ಳುತ್ತದೆ, ಹೊಟ್ಟೆ ಖಾಲಿ ಇದೆಯೋ ತುಂಬಿದೆಯೋ ಅಂತ ನೋಡುವುದಿಲ್ಲ. ಮಿದುಳಿಗೆ ಬೇಕಾದ್ದು ಆ ಸಕ್ಕರೆಯೇ, ಅದು ತನ್ನಲ್ಲಿ ಕೂಡಿಟ್ಟುಕೊಳ್ಳುವುದೂ ಇಲ್ಲ. ಸಿಗದಿದ್ದರೆ ಮನುಷ್ಯ ಮೊದಲು ನಡುಗುತ್ತಾನೆ, ಬೆವರುತ್ತಾನೆ, ಆಮೇಲೆ ಕುಡಿದವನ ಹಾಗೆ ಏನೇನೋ ಮಾತಾಡುತ್ತಾನೆ, ತನ್ನವರನ್ನೇ ಗುರುತಿಸುವುದಿಲ್ಲ. ಕೊನೆಗೆ ಎಚ್ಚರ ತಪ್ಪುತ್ತದೆ. ತಡವಾದರೆ ಮಿದುಳೇ ಸಾಯುತ್ತದೆ. ಈ ಹೆಂಗಸರು ಎಷ್ಟು ಹೊತ್ತಿನಿಂದ ಆರತಿ ಎತ್ತುತ್ತಿದ್ದರೋ ಏನೋ. ಸಿಟ್ಟು ನೆತ್ತಿಗೇರಿತು. ಆದರೆ ಬೈಯುತ್ತ ನಿಲ್ಲುವ ಹೊತ್ತಾಗಿರಲಿಲ್ಲ.

ಕಪಾಟಿನಿಂದ ಸಕ್ಕರೆ ನೋಡುವ ಮಷೀನು ತಂದು ಅವರ ಬೆರಳು ಚುಚ್ಚಿದೆ. ಬೆರಳು ಐಸಿನಷ್ಟು ತಣ್ಣಗಿತ್ತು. ಮಷೀನಿನಲ್ಲಿ ಅಂಕಿಯೇ ಬರಲಿಲ್ಲ. 'ಲೋ' ಅಂತ ಮಾತ್ರ ಬಂತು. ಅಂದರೆ ಅದು ಅಳೆಯಲಾಗದಷ್ಟು ಕಡಿಮೆ.

ಅಡುಗೆಮನೆಗೆ ಓಡಿ ಲೋಟದಲ್ಲಿ ಸಕ್ಕರೆ ಕಲಸಿ ತಂದೆ. ಉಪವಾಸ ಮುರಿಸಬೇಡ, ದೇವಿಯ ಸಿಟ್ಟಿಗೆ ಗುರಿಯಾಗುತ್ತೀ ಅಂತ ಹೆಂಗಸರು ಅಡ್ಡ ಬಂದರು. ದೂಡಿಕೊಂಡೇ ಹೋದೆ. ಲೋಟ ತುಟಿಗೆ ಹಿಡಿಯುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು. ನಡುಕ ನಿಂತಿತ್ತು. ಬಳೆಗಳ ಸದ್ದೂ ನಿಂತಿತ್ತು. ನನ್ನನ್ನೇ ನೋಡುತ್ತ, ಕನಿಕರ ಬಂದವರ ಹಾಗೆ ಹೇಳಿದರು:

"ನಿಮ್ಮತ್ತಿ ಹೋದ್ರು. ಈಗ ಕೊಟ್ರ ಅದು ನನಗ ಮುಟ್ತದ... ವಿಚಾರ ಮಾಡಿ ಕೊಡ್ರಿ."

ವಿಚಾರ ಮಾಡಲು ಏನಿತ್ತು? ಮಿದುಳಿಗೆ ಸಕ್ಕರೆ ಇಲ್ಲ, ಏನೋ ಹೇಳುತ್ತಿದೆ ಅಂದುಕೊಂಡೆ. ಕೊಡದಿದ್ದರೆ ಅತ್ತೆ ನನ್ನ ಕಣ್ಣೆದುರೇ ಸಾಯುತ್ತಿದ್ದರು. ಕುಡಿಸಿದೆ. ಗುಟುಕು ಗುಟುಕಾಗಿ, ಒಂದು ಹನಿ ಚೆಲ್ಲದೆ ಕುಡಿದರು. ಕುಡಿದ ಮೇಲೆ ನನ್ನತ್ತ ನೋಡಿ ಸ್ವಲ್ಪ ನಕ್ಕರು. ಆಮೇಲೆ ಹಾಗೆಯೇ ಪಕ್ಕಕ್ಕೆ ವಾಲಿಬಿಟ್ಟರು.

ರಿಕ್ಷಾದಲ್ಲಿ ಹತ್ತಿರದ ನರ್ಸಿಂಗ್ ಹೋಮ್‌ಗೆ ಒಯ್ದೆವು. ಗ್ಲೂಕೋಸ್ ಏರಿಸಿದರು. ಬೆಳಗಿನ ಜಾವ ಕಣ್ಣು ಬಿಟ್ಟರು. ಅಲ್ಲಿನ ಡಾಕ್ಟರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮಷೀನು ಹಾಗೆ ತೋರಿಸುವಷ್ಟು ಸಕ್ಕರೆ ಇಳಿದವರು ನೆಟ್ಟಗೆ ಕೂತು ಸರಿಯಾಗಿ ಮಾತಾಡಿದ್ದನ್ನು ತಾನು ಕಂಡಿಲ್ಲ ಎಂದರು. ನೀವು ಗಾಬರಿಯಾಗಿದ್ದಿರಿ, ನರಳಿಕೆಯನ್ನೇ ಮಾತು ಅಂದುಕೊಂಡಿರಬೇಕು ಅಂತ ಮರಾಠಿಯಲ್ಲಿ ಸಮಾಧಾನ ಹೇಳಿದರು. ಹಿಂದೆ ನಿಂತಿದ್ದ ಶಾಂತಾಬಾಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರೂ ಕೇಳಿದ್ದರಲ್ಲ.

ಅತ್ತೆ ಮನೆಗೆ ಬಂದರು. ಆದರೆ ಬೈಯುವುದಿಲ್ಲ. ಕೂರಿಸಿದಲ್ಲಿ ಕೂರುತ್ತಾರೆ, ಕೊಟ್ಟದ್ದನ್ನು ತಿನ್ನುತ್ತಾರೆ. ದೇವರ ಮೂಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಹೆಸರು ಹಿಡಿದು ಕೂಗುತ್ತಿದ್ದವರು ನನ್ನನ್ನು ನೆಂಟರ ಮನೆಯವರನ್ನು ಮಾತಾಡಿಸುವ ಹಾಗೆ 'ಬರ್ರಿ, ಕೂಡ್ರಿ' ಅನ್ನುತ್ತಾರೆ. ಸ್ಕ್ಯಾನ್ ನೋಡಿದ ಡಾಕ್ಟರರು ಸಕ್ಕರೆ ಸಿಗದೆ ಮಿದುಳಿಗೆ ಪೆಟ್ಟು ಬಿದ್ದಿದೆ, ನೆನಪು ಹೋಗುತ್ತದೆ, ಸ್ವಭಾವ ಬದಲಾಗುತ್ತದೆ ಎಂದರು. ಹಗಲು ಹೊತ್ತಿನಲ್ಲಿ ನಾನದನ್ನು ನಂಬುತ್ತೇನೆ. ಅಮ್ಮ ಈಗ ಎಷ್ಟು ಶಾಂತ ನೋಡು ಅಂತ ನಮ್ಮವರು ಒಂದು ದಿನ ಅಂದರು. ಅವತ್ತು ಲೋಕಲ್‌ನಲ್ಲಿ ನಿಂತು, ಯಾರು ನೋಡುತ್ತಿದ್ದಾರೆ ಅನ್ನುವ ಪರಿವೆಯಿಲ್ಲದೆ ನಾನು ಅತ್ತುಬಿಟ್ಟೆ. ನನಗೆ ನನ್ನ ಅತ್ತೆ ಬೇಕು. ಆ ಬಾಯಿ ಬೇಕು.

ಕಳೆದ ವಾರ ನಮ್ಮವರು ಪಾಳಿಗೆ ಹೋಗಿದ್ದರು. ಇನ್ಸುಲಿನ್ ನಾನೇ ಅಳೆದು ಚುಚ್ಚಿದೆ, ತಾಟು ಹಾಕಿದೆ. ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ, ದೂರದಲ್ಲೊಂದು ಲೋಕಲ್ ಹೋದ ಸದ್ದು ಬಂತು. ಅವರು ಚಪಾತಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ ಬಾಗಿಲ ಕಡೆ ಕಿವಿಗೊಟ್ಟರು. ನನಗೆ ಏನೂ ಕೇಳಿಸಲಿಲ್ಲ. ಆಮೇಲೆ... ಬಳೆಯ ಸದ್ದು. ಸಣ್ಣಗೆ, ಒಂದೇ ಸಮನೆ. ನಾನು ಅವರ ಕೈ ನೋಡಿದೆ. ಎರಡೂ ಕೈ ತಾಟಿನ ಪಕ್ಕದಲ್ಲಿ ಅಲ್ಲಾಡದೆ ಇದ್ದವು.

"ನಿಮ್ಮತ್ತಿ ಹೊರಗ ನಿಂತಾರ್ರೀ," ಎಂದರು ಮೆಲ್ಲಗೆ. "ಪಾಪ, ಭಾಳ ಹಸದಾರ."

ನಾನು ಎದ್ದೆ. ಬಾಗಿಲ ತನಕ ಹೋದೆ. ಚಿಲಕಕ್ಕೆ ಕೈ ಹಾಕಿದೆ. ಹಿಂದಿನಿಂದ ಮತ್ತೆ ಅದೇ ಮರ್ಯಾದೆಯ ದನಿ. ಈ ಸಲ ಅದರಲ್ಲಿ ಅಳುವಿತ್ತು.

"ತಗೀಬ್ಯಾಡ್ರಿ, ವಿದ್ಯಾ. ಅವರು ಒಳಗ ಬಂದ್ರ... ನಾ ಎಲ್ಲಿಗೆ ಹೋಗ್ಲಿ?"

ಬಾಗಿಲ ಆಚೆ ಬಳೆಗಳು ನಡುಗುತ್ತಲೇ ಇದ್ದವು. ನಾನು ಚಿಲಕ ತೆಗೆಯಲಿಲ್ಲ. ಬಂದು ಕೂತು, ಅವರ ತಾಟಿಗೆ ಇನ್ನೊಂದು ಚಪಾತಿ ಹಾಕಿದೆ.