ಎರಡು ಹಾಡುಗಳ ನಡುವೆ

ಕ್ಯಾಸೆಟ್ಟಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹಾಡಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಸುಯ್ ಎನ್ನುವ ಆ ಖಾಲಿ ಜಾಗ. ಹೀಗೆಂದರೆ ನನ್ನಾಕೆ, "ಹಾಡೇ ಇಲ್ಲದ ಕ್ಯಾಸೆಟ್ ತಂದ್ಕೊಳ್ಳಿ, ಅಗ್ಗಕ್ಕೆ ಸಿಗ್ತದೆ" ಎನ್ನುತ್ತಿದ್ದಳು. ಅವಳ ಅರಸಿಕತೆಯನ್ನು ಮನ್ನಿಸಿ ನೀವಾದರೂ ಕೇಳಿ.

ನಾನು ತರೀಕೆರೆಯಲ್ಲಿ ಮೇಷ್ಟ್ರಾಗಿದ್ದಾಗ ನನ್ನ ಸಂಜೆಗಳೆಲ್ಲ ಟೈಲರ್ ರಹಮತ್‌ನ ಅಂಗಡಿಯ ಬೆಂಚಿಗೆ ಮೀಸಲು. ಎಂಬತ್ತರ ದಶಕದ ಕೊನೆಯಲ್ಲಿ ಅವನ ಭಾವ ದುಬೈನಿಂದ ಒಂದು ಕ್ಯಾಸೆಟ್ ತಂದುಕೊಟ್ಟ. ಅದರ ಒಂದು ಮಗ್ಗುಲಿನಲ್ಲಿ ಅಮೆರಿಕದ ಯಾವನೋ ಹುಡುಗ ರಾಗದ ಗೊಡವೆಯಿಲ್ಲದೆ, ತಾಳಕ್ಕೆ ಸರಿಯಾಗಿ ಬರೀ ಮಾತಾಡುತ್ತಾ ಹೋಗುತ್ತಿದ್ದ. ಇನ್ನೊಂದು ಮಗ್ಗುಲು ಖಾಲಿ. ಆ ಮಾತಿನ ಹಾಡಿಗೆ ಹಿಪ್‌ಹಾಪ್ ಅಂತ ಹೆಸರಂತೆ. ಶ್ರುತಿಶುದ್ಧಿಯ ವಿಚಾರದಲ್ಲಿ ಸ್ವಯಂಘೋಷಿತ ಪಂಡಿತನಾದ ನಾನು, ಹರಟೆಗೆ ತಬಲಾ ಬಾರಿಸಿದರೆ ಸಂಗೀತವಾಗುತ್ತದೆಯೇ ಎಂದು ಮೂಗು ಮುರಿದೆ. ರಹಮತ್ ಮಾತ್ರ, "ಇವ್ನು ಹಾಡ್ತಿಲ್ಲ ಕಣ್ರೀ ಮೇಷ್ಟ್ರೇ, ಅವ್ರ ಬೀದಿ ಕತೆ ಹೇಳ್ತಾವ್ನೆ" ಎಂದ. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ನಾನು ಶಾಲೆಯಲ್ಲಿ ಕಲಿಸುತ್ತಿದ್ದದ್ದೇ ಇಂಗ್ಲಿಷ್ ಎಂಬುದನ್ನು ಇಲ್ಲಿ ಮರೆತುಬಿಡೋಣ.

ನೋಡನೋಡುತ್ತಾ ಅಂಗಡಿಯ ಭಾಷೆಯೇ ಬದಲಾಯಿತು. ಹೊಲಿಗೆ ಯಂತ್ರದ ಪೆಡಲ್ಲೇ ತಾಳ. ಗಿರಾಕಿಗಳು ತೋಳು, ಕಾಲರಿನ ಅಳತೆಯನ್ನೂ ಲಯಬದ್ಧವಾಗಿ ಹೇಳತೊಡಗಿದರು. ಬಸ್‌ಸ್ಟ್ಯಾಂಡಿನ ಏಜೆಂಟನ "ಅಜ್ಜಂಪುರ, ಶಿವನಿ"ಗೂ ಒಂದು ಕುಣಿತ ಬಂತು. ಒಂದು ದಿನ ರಹಮತ್ ಪೆಡಲ್ ತುಳಿಯುತ್ತಾ ಆ ಖಾಲಿ ಮಗ್ಗುಲಿಗೆ ತನ್ನ ಅಬ್ಬಾನ ಕತೆ ತುಂಬಿಸಿದ. ಮದುವೆಗೆ ಮುಂಚೆ ಹುಡುಗಿಯನ್ನು ನೋಡುವಂತಿಲ್ಲವಲ್ಲ. ಅಬ್ಬಾ ಶಿವನಿ ಸ್ಟೇಷನ್ನಿಗೆ ಹೋಗಿ, ರೈಲಿಳಿದ ಅಮ್ಮಿಯನ್ನು ಕದ್ದು ನೋಡಿ, ಆ ಸಂಭ್ರಮದಲ್ಲಿ ತಮ್ಮ ರೈಲು ತಪ್ಪಿಸಿಕೊಂಡು ಅಜ್ಜಂಪುರದವರೆಗೂ ನಡೆದೇ ಹೋಗಿದ್ದರಂತೆ. ಸಾಯುವ ಮುನ್ನ ಮಗನೊಬ್ಬನಿಗೇ ಹೇಳಿದ್ದ ಗುಟ್ಟು. ಅಮ್ಮಿಯ ಮುಖ ನೋಡಿಕೊಂಡು ಹೇಳಲು ಇವನಿಗೆ ನಾಚಿಕೆ, ಆದರೆ ಅವರಿಗೆ ತಿಳಿಯಲೇಬೇಕೆಂಬ ಹಟ.

ಅಮ್ಮಿ ಆಗ ಅಜ್ಜಂಪುರದ ಮಗಳ ಮನೆಯಲ್ಲಿದ್ದರು. ಕಡೂರಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ರಹಮತ್ ಕ್ಯಾಸೆಟ್ ಕೊಟ್ಟು, ಅಲ್ಲಿನ ರೆಕಾರ್ಡಿಂಗ್ ಅಂಗಡಿಯಲ್ಲಿ ಸದ್ದು ಸರಿಮಾಡಿಸಿ ಅಜ್ಜಂಪುರದ ಬಸ್ಸಿಗೆ ಹಾಕಿಸಲು ಹೇಳಿದ. ಆಗೆಲ್ಲ ಹಳೇ ಕ್ಯಾಸೆಟ್ ಕೊಟ್ಟು ಹೊಸ ಹಾಡು ತುಂಬಿಸಿಕೊಳ್ಳುವುದೇ ರೂಢಿ. ಆಮೇಲೆ ನಾವು ಹೋಗಿ ವಿಚಾರಿಸಿದರೆ ಆ ಅಂಗಡಿಯ ಪುಣ್ಯಾತ್ಮ, "ಎರಡೂ ಕಡೆ ಬರೀ ಮಾತು ಬಿದ್ದು ಕೆಟ್ಟೋಗಿತ್ತು ಸಾಹೇಬ್ರೇ, ಒಳ್ಳೊಳ್ಳೆ ಸಿನಿಮಾ ಹಾಡು ತುಂಬಿ ಕಳಿಸಿದೀನಿ" ಎಂದು ಹಿಗ್ಗಿನಿಂದ ಹೇಳಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅಲ್ಲಿಂದ ಅಜ್ಜಂಪುರಕ್ಕೆ ಓಡಿದೆವು. ಅಮ್ಮಿ ಟೇಪ್‌ರೆಕಾರ್ಡರಿನ ಮುಂದೆಯೇ ಕೂತಿದ್ದರು. ಮಗನ ಮಾತಿದೆಯೆಂದು ಮೊದಲೇ ಸುದ್ದಿ ಮುಟ್ಟಿತ್ತಲ್ಲ. ಹಾಡೊಂದು ಮುಗಿದೊಡನೆ ಕೈ ಎತ್ತಿ, "ಸುಮ್ಕಿರ್ರಿ, ಈಗ ಬತ್ತದೆ" ಎಂದು ಮನೆಮಂದಿಯನ್ನೆಲ್ಲ ಸುಮ್ಮನಾಗಿಸುವರು. ಸುಯ್. ಮತ್ತೆ ಹಾಡು. ನಾನು ರಹಮತ್‌ನ ತೋಳು ತಿವಿದೆ, ಈಗಲೇ ಹೇಳೋ ಎಂದು. ಅವನು ತಲೆ ತಗ್ಗಿಸಿ, "ಟೇಪು ಕೆಟ್ಟೈತೆ ಅಮ್ಮಿ, ಇನ್ನೊಂದು ಕಳಿಸ್ತೀನಿ" ಎಂದ.

ಇನ್ನೊಂದು ತುಂಬಿಸುವಷ್ಟರಲ್ಲಿ ಅಮ್ಮಿ ಹೋಗಿಬಿಟ್ಟರು. ಆಮೇಲೆ ರಹಮತ್‌ನ ಪೆಡಲ್ ಬಟ್ಟೆಗಷ್ಟೇ ತಿರುಗಿತು, ಆ ಸಿನಿಮಾ ಹಾಡಿನ ಕ್ಯಾಸೆಟ್ ನನ್ನ ಪಾಲಿಗೆ ಬಂತು. ಅಯ್ಯೋ, ಎಂಥಾ ಕತೆ ಹೋಯ್ತು!

ಇದನ್ನೆಲ್ಲ ಮೊನ್ನೆಯಷ್ಟೇ ನನ್ನಾಕೆಗೆ ಹೇಳಿದೆ. ನಿನ್ನೆ ಅದೇ ಕ್ಯಾಸೆಟ್ ಹಾಕಿ, ಹಾಡು ಮುಗಿದಾಗ ಕಾಫಿ ಕೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು.