ದೊಡ್ಡವ್ವನ ಗಂಟಲು, ಗಿಟಾರಿನ ಇಕ್ಕಳ

ನಮ್ಮ ದೊಡ್ಡವ್ವ ಬೀಗರ ಹಾಡಿಗೆ ಕುಳಿತಳೆಂದರೆ ಬೀಗರು ಊಟದ ಎಲೆಯಿಂದ ತಲೆ ಎತ್ತುತ್ತಿರಲಿಲ್ಲ. ಆಕೆ ನನ್ನ ಅವ್ವನ ಅಕ್ಕ, ಲಕ್ಷ್ಮೇಶ್ವರದವಳು. ಗಂಡಿನ ಕಡೆಯವರು ಉಣ್ಣಲು ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲೇ ಅವರ ಕಾಲೆಳೆಯುವುದು ನಮ್ಮಲ್ಲಿ ಪದ್ಧತಿ. ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ, ಯಾರ ಮೀಸೆಗೆ ಎಂದು ಬಣ್ಣ ಬಿತ್ತು, ಎಲ್ಲಕ್ಕೂ ದೊಡ್ಡವ್ವನ ಹತ್ತಿರ ನುಡಿ ಸಿದ್ಧವಿರುತ್ತಿತ್ತು. ಅಂಥವಳು ನನ್ನ ತಂಗಿಯ ಮದುವೆ ಗೊತ್ತಾದಾಗ, "ನಾ ಹಾಡಂಗಿಲ್ಲ" ಎಂದು ಖಡಾಖಂಡಿತ ಹೇಳಿಬಿಟ್ಟಳು.

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಹಿಂದಿನ ಮದುವೆಯೊಂದರಲ್ಲಿ ಯಾವನೋ ಕೀಬೋರ್ಡಿನವನು ತನಗೆ ತಿಳಿದ ಎತ್ತರದ ಶ್ರುತಿಯಲ್ಲಿ ಶುರು ಮಾಡಿದ್ದರಿಂದ ಹಾಡಿನ ನಡುವೆಯೇ ಆಕೆಯ ಗಂಟಲು ಒಡೆದಿತ್ತು. ಬೀಗರು ನಕ್ಕಿದ್ದರು. ಜೀವಮಾನವಿಡೀ ಬೀಗರನ್ನು ನಗೆಪಾಟಲು ಮಾಡಿದವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಒಲಿಸಲು ನಾನೇ ಲಕ್ಷ್ಮೇಶ್ವರಕ್ಕೆ ಹೋದೆ.

"ಗಂಟಲ ಹೋಗೇತಿ ತಂಗಿ," ಎಂದಳು. ನನ್ನನ್ನು ಆಕೆ ಕರೆಯುವುದೇ ಹಾಗೆ. "ಮತ್ತ ಮಂದ್ಯಾಗ ಮಾನ ಕಳಕೊಳ್ಳಾಕ ನಾ ತಯಾರಿಲ್ಲ."

"ಎಲ್ಲೂ ಹೋಗಿಲ್ಲಬೇ, ಒಂದೀಟ ಕೆಳಗ ಇಳದೈತಿ ಅಷ್ಟ. ನಾ ಗಿಟಾರ್ ಬಾರಸ್ತೀನಿ. ನೀ ಎಲ್ಲಿ ಹಾಡ್ತಿ, ನಾ ಅಲ್ಲಿಗೇ ಬರ್ತೀನಿ."

"ನಿನ್ನ ಗಿಟಾರ್ ನನ್ನ ಹಿಂದ ಬರಬೇಕ. ಮುಂದ ಹೋತೋ, ಎದ್ದ ಹೋಗ್ತೀನಿ ನೋಡ."

ಮಾತು ಕೊಟ್ಟೆ. ಕೊಟ್ಟ ಮೇಲೆ ಫಜೀತಿ ಶುರುವಾಯಿತು. ಬೆಟಗೇರಿಯಿಂದ ಒಯ್ದ ನನ್ನ ಸ್ಟೀಲ್ ತಂತಿಯ ಗಿಟಾರನ್ನು ಕೇಳಿ ಆಕೆ, "ತಗಡ ಬಡದಂಗ ಆಗತೈತಿ" ಎಂದು ಮುಖ ಕಿವುಚಿದಳು. ಆಕೆಯ ಮಗನ ಹಳೆಯ ನೈಲಾನ್ ತಂತಿಯ ಗಿಟಾರು ಅಟ್ಟದ ಮೇಲಿತ್ತು. ಅದರ ದನಿ ಮೆತ್ತಗೆ, ಆಕೆಯ ಇಳಿದ ಗಂಟಲಿಗೆ ಒಪ್ಪುವಂತಿತ್ತು. ಆದರೆ ತಂತಿ ಒತ್ತುವ ಅದರ ಕುತ್ತಿಗೆ ರೊಟ್ಟಿ ಬಡಿಯುವ ಮಣೆಯಷ್ಟು ಚಪ್ಪಟೆ, ಅಗಲವೂ ಜಾಸ್ತಿ. ನನ್ನ ಗಿಟಾರಿನ ಕುತ್ತಿಗೆ ನಡುವೆ ತುಸು ಉಬ್ಬಿದೆ.

ಆಕೆಯ ಶ್ರುತಿಗೆ ಹೊಂದಿಕೊಳ್ಳಲು ನನಗೆ ಕೇಪೋ ಬೇಕು. ಕೇಪೋ ಎಂದರೆ ಗಿಟಾರಿನ ಕುತ್ತಿಗೆಗೆ ಕಚ್ಚಿಸುವ ಇಕ್ಕಳ. ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಅದನ್ನು ಗಿಟಾರಿನ ಹೊಟ್ಟೆಯ ಕಡೆಗೆ ಸರಿಸಿದಂತೆ ಶ್ರುತಿ ಏರುತ್ತದೆ, ಬೆರಳುಗಳು ಮಾತ್ರ ತಮಗೆ ರೂಢಿಯಿದ್ದದ್ದನ್ನೇ ಮಾಡಿಕೊಂಡಿರಬಹುದು. ಉಬ್ಬಿದ ಕುತ್ತಿಗೆಗಾಗಿ ಬಾಗಿಸಿದ ನನ್ನ ಕೇಪೋವನ್ನು ಈ ಚಪ್ಪಟೆ ಕುತ್ತಿಗೆಗೆ ಹಾಕಿದೆ. ಅಂಚಿನ ತಂತಿಗಳು ಸರಿಯಾಗಿ ನುಡಿದವು, ನಡುವಿನವು ಗುರ್ ಗುರ್ ಎಂದವು. ದೊಡ್ಡವ್ವನಿಗೆ ಎಲ್ಲಿಲ್ಲದ ಖುಷಿ.

"ನೋಡ, ಇದರ ಗಂಟಲಾನೂ ನನ್ನಂಗ ಹೋಗೇತಿ!"

ನನಗೆ ಸಿಟ್ಟು ನೆತ್ತಿಗೇರಿತು. ಆ ಗಿಟಾರನ್ನೇ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಗದಗಿಗೆ ಬಂದೆ. ಹಾರ್ಮೋನಿಯಂ, ತಬಲಾ ಮಾರುವ ಅಂಗಡಿಯವನು ಮತ್ತೆ ಬಾಗಿದ್ದನ್ನೇ ಮುಂದಿಟ್ಟ.

"ಯಾವ ಗಿಟಾರಿಗಾದ್ರೂ ನಡೀತೈತ್ರಿ ಅಕ್ಕಾರ."

"ನಡದಿದ್ರ ನಾ ಇಲ್ಲಿಗೆ ಯಾಕ ಬರತಿದ್ದೆ? ಇರೋವನ್ನೆಲ್ಲಾ ತಗೀರಿ."

ಪಟ್ಟಿ ಬಿಗಿಯುವಂಥದ್ದು ಚೆನ್ನಾಗಿ ಕೂತಿತು, ಆದರೆ ಸರಿಸಬೇಕೆಂದರೆ ಬಿಚ್ಚಿ ಕಟ್ಟುವಷ್ಟರಲ್ಲಿ ದೊಡ್ಡವ್ವ ನಾಲ್ಕು ಬೀಗರನ್ನು ಮುಗಿಸಿರುತ್ತಾಳೆ. ತಿರುಪಿನದ್ದೂ ಅದೇ ಕಥೆ. ಉದ್ದನೆಯ ಚಪ್ಪಟೆ ಬಾಯಿಯ ಇಕ್ಕಳ ಆರೂ ತಂತಿಗಳನ್ನು ಅಚ್ಚುಕಟ್ಟಾಗಿ ಒತ್ತಿತು. ಅಂಗಡಿಯವನು ಇನ್ನೇನು ಪೊಟ್ಟಣ ಕಟ್ಟಬೇಕು, ಅಷ್ಟರಲ್ಲಿ ಮೂಲೆಯಲ್ಲಿದ್ದ ಇನ್ನೊಂದು ಚಪ್ಪಟೆ ಇಕ್ಕಳ ಕಣ್ಣಿಗೆ ಬಿತ್ತು. ಅದರ ಬಾಯಿ ಗಿಡ್ಡ. ತೆಳು ತಂತಿಯ ಕಡೆಯಿಂದ ಹಾಕಿದರೆ ಐದನ್ನು ಹಿಡಿದು, ಆಚೆ ಅಂಚಿನ ದಪ್ಪ ತಂತಿಯನ್ನು ಮುಟ್ಟದೆ ಬಿಡುತ್ತಿತ್ತು. ಆ ತಂತಿಯನ್ನು ಮೀಟಿದೆ. ತಂಬೂರಿಯ ಹಾಗೆ ಒಂದೇ ಸಮನೆ ಗುಂಯ್ ಎಂದಿತು.

"ಇದನ್ನ ಕೊಡ್ರಿ."

"ಅಯ್ಯ, ಒಂದ ತಂತಿ ಹೊರಗ ಉಳೀತೈತ್ರಿ!"

"ಉಳೀಲಿ ಬಿಡ್ರಿ. ಎಲ್ಲಾರನೂ ಕುತ್ತಿಗಿ ಹಿಡದ ಕುಂಡ್ರಸಬೇಕಂತ ಎಲ್ಲೈತಿ?"

ಇನ್ನು ಆ ದಪ್ಪ ತಂತಿಯನ್ನು ದೊಡ್ಡವ್ವನ ಷಡ್ಜಕ್ಕೆ ಕೂಡಿಸಬೇಕು. ಹಾಡು ಎಂದರೆ ಹಟಕ್ಕೆ ಬಿದ್ದು ಮೇಲೇರುತ್ತಾಳೆ. ಹೀಗಾಗಿ ಮತ್ತೆ ಆಕೆಯ ಮನೆಗೆ ಹೋಗಿ, ಆಕೆ ಫೋನಿನಲ್ಲಿ ನೆಗೆಣ್ಣಿಯ, ಎಂದರೆ ಮೈದುನನ ಹೆಂಡತಿಯ, ಚಾಡಿ ಹೇಳುವಾಗ ಬಾಗಿಲ ಹಿಂದೆ ಕೂತು ಆ ದನಿಗೆ ತಂತಿ ಕೂಡಿಸಿಕೊಂಡೆ. ಚಾಡಿ ಹೇಳುವಾಗ ಆಕೆಯ ಗಂಟಲು ಎಂದೂ ಒಡೆದದ್ದಿಲ್ಲ.

ಮದುವೆ ಮುಂಡರಗಿಯಲ್ಲಿ. ಬೀಗರು ಶಿರಹಟ್ಟಿಯವರು, ತಂಗಿಯ ಅತ್ತೆಯೂ ಸಾಮಾನ್ಯಳಲ್ಲ ಎಂದು ಮೊದಲೇ ಖಬರು ಬಂದಿತ್ತು. ಬೀಗರು ಉಣ್ಣಲು ಕೂತರು. ದೊಡ್ಡವ್ವ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ಇವತ್ತು ಗಂಟಲು ಒಡೆದರೆ ಆಕೆ ಇನ್ನೆಂದೂ ಬಾಯಿ ತೆರೆಯುವುದಿಲ್ಲ, ಎಳೆದು ತಂದವಳು ನಾನು.

ಮೆಲ್ಲಗೆ ಶುರು ಮಾಡಿದಳು. ಬೀಗನ ಹೊಟ್ಟೆಯ ಮೇಲೊಂದು ನುಡಿ, ಅಳಿಯನ ಕೂದಲಿನ ಮೇಲೊಂದು. ನಗು ಎದ್ದಿತು. ಕೈ ನನ್ನ ಮೊಣಕಾಲು ಬಿಟ್ಟಿತು. ಬೀಗಿತ್ತಿ ಊಟ ಮುಗಿಸಿ ಕೈ ತೊಳೆಯಲು ಎದ್ದುಹೋದದ್ದನ್ನು ನೋಡಿದೆ, ತಿರುಗಿ ಬಂದದ್ದನ್ನು ನೋಡಲಿಲ್ಲ. ಸೆರಗಿಗೆ ಕೈ ಒರೆಸುತ್ತ ನನ್ನ ಹಿಂದಿನಿಂದ ಬಂದವಳೇ ಗಿಟಾರಿನ ಕುತ್ತಿಗೆಗೆ ಕೈ ಹಾಕಿದಳು. ಟಕ್ ಎಂದಿತು. ಕೇಪೋ ಮಾಯ!

ಐದು ತಂತಿಗಳು ಒಮ್ಮೆಲೇ ಕೆಳಗೆ ಜಾರಿ ಅಪಸ್ವರ ನುಡಿದವು. ದೊಡ್ಡವ್ವನ ಹಾಡು ಅಲ್ಲೇ ನಿಂತಿತು. ಶಿರಹಟ್ಟಿಯವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಕ್ಕಳದ ಬಾಯಿಗೆ ಸಿಕ್ಕದ ದಪ್ಪ ತಂತಿಯೊಂದೇ ತನ್ನ ಶ್ರುತಿ ಬಿಟ್ಟಿರಲಿಲ್ಲ. ಎಡಗೈ ತೆಗೆದು, ಹೆಬ್ಬೆರಳಿನಿಂದ ಅದೊಂದನ್ನೇ ಮೀಟುತ್ತ ಕೂತೆ. ಮೀಟಿದೆ, ಮತ್ತೆ ಮೀಟಿದೆ. ದೇವರೇ, ಹಾಡಬಾರದೇ ಈ ಮುದುಕಿ!

ಹಾಡಿದಳು.

"ಉಂಡ ಕೈ ತೊಳಿಯಾಕ ಎದ್ದಾಳ ಬೀಗಿತ್ತಿ
ಬರುವಾಗ ನಮ್ಮ ಇಕ್ಕಳ ಎತ್ಯಾಳ
ಹೋಳಿಗಿ ಕದ್ದಿದ್ರ ಹೊಟ್ಟಿಗಾಗತಿತ್ತ
ಇಕ್ಕಳ ಮೂಗಿಗಿ ನತ್ತ ಮಾಡ್ಯಾಳೇನ?"

ಕೆಳಗಿನ ದನಿ, ಚಾಡಿ ಹೇಳುವ ದನಿ. ಒಂದೊಂದು ಮಾತೂ ಕೊನೆಯ ಸಾಲಿನ ತನಕ ಮುಟ್ಟಿತು. ಸಭೆಯೆಲ್ಲ ಹೋ ಎಂದಿತು, ಬಡಿಸುವವರು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕರು. ಬೀಗಿತ್ತಿ ಕಣ್ಣೀರು ಬರುವಂತೆ ನಗುತ್ತ ತುರುಬಿಗೆ ಕೈ ಹಾಕಿ, ಮಲ್ಲಿಗೆ ಮಾಲೆಯ ಕೆಳಗೆ ಕಚ್ಚಿಸಿಕೊಂಡಿದ್ದ ಕೇಪೋ ಕಿತ್ತು ಕೊಟ್ಟಳು.

"ತಗೋರಿ ನಿಮ್ಮ ನತ್ತ. ನನ್ನ ಮೂಗಿಗೆ ಸಣ್ಣದಾತು."

ಎಲ್ಲ ಮುಗಿದ ಮೇಲೆ ದೊಡ್ಡವ್ವ ಮಂಟಪದ ಹಿಂದಿನ ಪಾವಟಿಗೆಯ ಮೇಲೆ ಕೂತು ನೀರು ಕುಡಿದಳು.

"ಖರೇನ ಅಂಜಿದ್ದೆ ತಂಗಿ. ಆ ದಪ್ಪ ತಂತಿ ಒಂದ ಓಡಿ ಹೋಗಲಿಲ್ಲ ನೋಡ, ಅದನ್ನ ಹಿಡಕೊಂಡ ಕುಂತೆ. ಇಲ್ಲಂದ್ರ ಎದ್ದ ಹೋಗಾಕ ಒಂದ ಕಾಲ ಮಡಚಿದ್ದೆ."

"ಮತ್ತ ಯಾಕ ಹೋಗಲಿಲ್ಲಬೇ?"

ಆಕೆ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು.

"ಹೋಗಿದ್ರ ಆಕಿ ಗೆಲ್ತಿದ್ದಳಲ್ಲಲೇ!"